ಬಡಾವಣೆಯ ಪಾರ್ಕನ್ನು ಉಳಿಸಿಕೊಳ್ಳುವ ಬಗೆ: ತೋಟದ ರೈಟರೊಬ್ಬರ ಟಿಪ್ಪಣಿ

ಚಿಕ್ಕಮಗಳೂರಿನಲ್ಲಿ ಪಾರ್ಕು ಅಂದರೆ ಮೊದಲು ನೆನಪಾಗುವುದು ರತ್ನಗಿರಿ ಬೋರೆ. ಅಲ್ಲಿನ ಮಹಾತ್ಮ ಗಾಂಧಿ ಉದ್ಯಾನ ದೊಡ್ಡದು, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಲು ತಕ್ಕ ಜಾಗ. ಆದರೆ ಮಂಡಿನೋವಿನ ಅಜ್ಜಿಯೊಬ್ಬರು ದಿನಾ ಬೋರೆ ಹತ್ತಲಾರರು. ಶಾಲೆ ಬಿಟ್ಟು ಬಂದ ಮಗುವಿಗೆ ಹೋಂವರ್ಕಿಗೆ ಮೊದಲು ಸಿಗುವ ಅರ್ಧ ಗಂಟೆಯಲ್ಲಿ ಅಲ್ಲಿಗೆ ಹೋಗಿ ಬರಲೂ ಆಗದು. ಇವರಿಬ್ಬರಿಗೂ ಬೇಕಾಗಿರುವುದು ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಐದು ನಿಮಿಷದಲ್ಲಿ ಸಿಗುವ ಜಾಗ. ಬಡಾವಣೆಯ ಮನೆಗಳ ನಡುವೆ ಐದು ಗುಂಟೆಯೋ ಹತ್ತು ಗುಂಟೆಯೋ ಬಿಟ್ಟು, ಸುತ್ತ ತಂತಿಬೇಲಿ ಹಾಕಿ, ಆಮೇಲೆ ಎಲ್ಲರೂ ಮರೆತುಬಿಟ್ಟಿರುತ್ತಾರಲ್ಲ, ಆ ಜಾಗದ ಬಗ್ಗೆ ಬರೆಯುತ್ತಿದ್ದೇನೆ.

ನಾನು ಕಾಫಿ ತೋಟದಲ್ಲಿ ರೈಟರಾಗಿದ್ದವನು. ಬೆಳಿಗ್ಗೆ ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆದು, ಆಳುಗಳನ್ನು ಕೆಲಸಕ್ಕೆ ಹಂಚಿ, ಮರಗಸಿ (ನೆರಳಿನ ಮರ ಸವರುವುದು), ಗಿಡಗಸಿ (ಕಾಫಿ ಗಿಡ ಸವರುವುದು), ಗೊಬ್ಬರ, ಚರಂಡಿ ಅಂತ ವರ್ಷದ ಕೆಲಸವನ್ನು ಮಳೆಗೆ ಹೊಂದಿಸಿಕೊಂಡು ಹೋಗುವುದೇ ನನ್ನ ಉದ್ಯೋಗವಾಗಿತ್ತು. ನಿವೃತ್ತಿಯಾಗಿ ಪೇಟೆಗೆ ಬಂದ ಮೇಲೆ ಮನೆ ಎದುರಿನ ಪಾರ್ಕನ್ನು ನೆರೆಹೊರೆಯವರ ಜೊತೆ ಸೇರಿ ನೋಡಿಕೊಳ್ಳುತ್ತಿದ್ದೇನೆ. ಬೇರೆ ಬಡಾವಣೆಯವರು ಬಂದು "ರೈಟ್ರೇ, ನಮ್ಮಲ್ಲೂ ಒಂದು ಜಾಗ ಇದೆ, ಎಲ್ಲಿಂದ ಶುರು ಮಾಡೋದು?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಜಾಗಕ್ಕೆ ಅನುದಾನ ಬಂದಾಗಲೇ ಹೆಚ್ಚು ಎಚ್ಚರ ಬೇಕು. ದುಡ್ಡಿನ ಜೊತೆ ಕಮಾನು, ಟೈಲ್ಸು, ಕಾರಂಜಿ, ಸಿಮೆಂಟಿನ ಜಿಂಕೆ ಎಲ್ಲ ಬರುತ್ತವೆ, ಮಣ್ಣಿನ ನೆಲ ಹೋಗುತ್ತದೆ. ಯಾವ ಕೆಲಸದ ಪ್ರಸ್ತಾಪ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಇದಾದ ಮೇಲೆ ಮಳೆನೀರು ಇಂಗುವ ಜಾಗ ಎಷ್ಟು ಉಳಿಯುತ್ತದೆ? ಮುಂದೆ ಬರೆದಿರುವ ಎಲ್ಲದರ ಹಿಂದೆಯೂ ಈ ಪ್ರಶ್ನೆ ಇದೆ.

ಗುದ್ದಲಿಗೆ ಮೊದಲು ನಕ್ಷೆ

ಬಡಾವಣೆಗೆ ಅನುಮೋದನೆ ಕೊಡುವಾಗ ರಸ್ತೆಗೆ ಇಷ್ಟು, ಉದ್ಯಾನಕ್ಕೆ ಇಷ್ಟು, ನಾಗರಿಕ ಸೌಲಭ್ಯಕ್ಕೆ ಇಷ್ಟು ಎಂದು ನಕ್ಷೆಯಲ್ಲಿ ಗುರುತು ಮಾಡಿರುತ್ತಾರೆ. ಆ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ನಮ್ಮೂರಿನವರು ಸಿಡಿಎ ಎನ್ನುವ ಕಚೇರಿಯಲ್ಲಿ ಸಿಗಬೇಕು. ಹಳೆಯ ಬಡಾವಣೆಯಾದರೆ ನಗರಸಭೆಯ ಕಡತವನ್ನೂ ನೋಡಿ.

ನಕ್ಷೆ ಸಿಕ್ಕಾಗ ಮೊದಲು ನೋಡಬೇಕಾದದ್ದು, ನಿಮ್ಮ ಜಾಗದ ಮೇಲೆ 'ಉದ್ಯಾನ' ಎಂದು ಬರೆದಿದೆಯೋ 'ಸಿಎ ನಿವೇಶನ' (ನಾಗರಿಕ ಸೌಲಭ್ಯದ ನಿವೇಶನ) ಎಂದು ಬರೆದಿದೆಯೋ ಅನ್ನುವುದು. ಬಯಲಾಗಿರುವುದೆಲ್ಲ ಜನರ ಬಾಯಲ್ಲಿ ಪಾರ್ಕೇ. ಆದರೆ ಸಿಎ ನಿವೇಶನವನ್ನು ಶಾಲೆಗೋ ಆಸ್ಪತ್ರೆಗೋ ಸಮುದಾಯ ಭವನಕ್ಕೋ ಹಂಚಲು ಕಾನೂನಿನಲ್ಲೇ ದಾರಿ ಇದೆ. ವರ್ಷಗಟ್ಟಲೆ ನೀರು ಹೊತ್ತು ಬೆಳೆಸಿದ ನೇರಳೆ ಮರದ ಬುಡದಲ್ಲಿ ಒಂದು ದಿನ ಅಡಿಪಾಯದ ಗುಂಡಿ ತೆಗೆದರೆ ಮಕ್ಕಳಿಗೆ ಏನು ಹೇಳುವುದು? ಸಿಎ ನಿವೇಶನವಾಗಿದ್ದರೆ ದೊಡ್ಡ ಮರ ನೆಡಬೇಡಿ ಎಂದು ನಾನು ಹೇಳುವುದಿಲ್ಲ. ಅದನ್ನು ಉದ್ಯಾನಕ್ಕೇ ಮೀಸಲಿಡಿ ಎಂಬ ಮನವಿಯನ್ನು ಗಿಡಕ್ಕಿಂತ ಮೊದಲು ಕೊಡಿ ಅನ್ನುತ್ತೇನೆ.

ಆಮೇಲೆ ಹಸ್ತಾಂತರ. ಬಡಾವಣೆ ನಗರಸಭೆಗೆ ಹಸ್ತಾಂತರವಾಗಿರದಿದ್ದರೆ ಪಾರ್ಕಿನ ದೀಪ ಕೆಟ್ಟಾಗ ಅದು ಯಾರ ಪಾಲಿಗೂ ಸೇರದು. ಹಸ್ತಾಂತರದ ಪತ್ರದ ದಿನಾಂಕ ಮತ್ತು ಸಂಖ್ಯೆ ಬರೆದಿಟ್ಟುಕೊಂಡರೆ ಮುಂದಿನ ಎಲ್ಲ ಅರ್ಜಿಗಳಿಗೂ ಅದೇ ಆಧಾರ.

ಬಾಯಿಮಾತಿಗೆ ನಕ್ಷೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ನಮೂನೆ 'ಎ'ಯಲ್ಲಿ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. 'ಏಕೆ', 'ಯಾಕಾಗಿಲ್ಲ' ಎಂದು ಕೇಳಬೇಡಿ, ದಾಖಲೆ ಕೇಳಿ. ನಾನು ಬರೆದುಕೊಡುವುದು ಹೀಗೆ:

"ಸರ್ವೆ ನಂಬರ್ ಇಂತಿಷ್ಟರಲ್ಲಿ ರಚನೆಯಾಗಿರುವ ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿ, ಅದರಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ ಜಾಗಗಳ ವಿಸ್ತೀರ್ಣ ಮತ್ತು ಚಕ್ಕುಬಂದಿ, ಹಾಗೂ ಸದರಿ ಜಾಗಗಳನ್ನು ನಗರಸಭೆಗೆ ಹಸ್ತಾಂತರಿಸಿದ ಪತ್ರದ ಪ್ರತಿಯನ್ನು ಒದಗಿಸುವುದು."

ಇಷ್ಟೇ ಸಾಕು. ಕೋಪ, ಹಳೆಯ ಜಗಳ, ಯಾರ ಹೆಸರೂ ಅದರಲ್ಲಿ ಬೇಡ.

ಪಾರ್ಕಿನ ಜಾಗಕ್ಕೆ ಕಾನೂನಿನ ಬಲ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಪ್ರಕರಣ ಎಂದರೆ ಯಾವ ವಕೀಲರಿಗೂ ಗೊತ್ತು. ಬಡಾವಣೆಯಲ್ಲಿ ಬದುಕುವವರಿಗೆ ಅಲ್ಲಿನ ಪಾರ್ಕಿನ ಬಗ್ಗೆ ಪ್ರಶ್ನೆ ಕೇಳುವ ಹಕ್ಕಿದೆ ಎಂದು ಆ ತೀರ್ಪು ಒಪ್ಪಿಕೊಂಡಿತು. ನಮಗೆ ನಿಮಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ.

ಟೇಪು ಹಿಡಿದು ಅಳೆಯಿರಿ

ನಕ್ಷೆ ಕೈಗೆ ಬಂದ ಮೇಲೆ ಇಬ್ಬರು ಸೇರಿ ನೂರಡಿ ಟೇಪು ಹಿಡಿದು ಜಾಗ ಅಳೆಯಿರಿ. 33 ಅಡಿಗೆ 33 ಅಡಿ ಒಂದು ಗುಂಟೆ, ಅಂದರೆ 1,089 ಚದರಡಿ. ಹತ್ತು ಗುಂಟೆಯ ಪಾರ್ಕು ಎಂದು ನಕ್ಷೆಯಲ್ಲಿದ್ದು ಟೇಪಿನಲ್ಲಿ ಎಂಟು ಗುಂಟೆ ಬಂದರೆ, ಉಳಿದ ಎರಡು ಎಲ್ಲಿ ಹೋಯಿತು ಎಂದು ಅಂಚಿನಲ್ಲೇ ಕಾಣುತ್ತದೆ: ಯಾರದೋ ಮನೆಯ ಮೆಟ್ಟಿಲು, ಕಾರಿನ ಶೆಡ್ಡು, ಸೌದೆ ಒಟ್ಟಿದ ಮಾಡು, ಒಂದೊಂದೇ ಅಡಿ ಮುಂದೆ ಬಂದ ಹೂವಿನ ಪಾತಿ.

ಇಲ್ಲಿ ನನ್ನ ಸಲಹೆ ಸ್ವಲ್ಪ ನಿಧಾನದ್ದು. ದೂರು ಬರೆಯುವ ಮೊದಲು ಆ ಮನೆಗೆ ಹೋಗಿ ಕುಳಿತು ನಕ್ಷೆ ತೋರಿಸಿ. "ಅಣ್ಣ, ಇದು ನಿಮ್ಮ ಮೊಮ್ಮಕ್ಕಳು ಆಡೋ ಜಾಗಾನೇ, ಬೇಲಿ ಸರಿಯಾದ ಕಡೆ ಹಾಕೋಣ" ಅಂದರೆ ಬಹಳ ಜನ ಒಪ್ಪುತ್ತಾರೆ. ಒಪ್ಪದವರಿಗೆ ಮಾತ್ರ ಕಚೇರಿಯ ಸರ್ವೇಯರನ್ನು ಕರೆಸಿ ಗಡಿಕಲ್ಲು ಹಾಕಿಸಿ. ಅದೇ ನೆರೆಯವರ ಜೊತೆ ಮುಂದೆ ಪಾರ್ಕು ನೋಡಿಕೊಳ್ಳಬೇಕಾಗಿದೆ ಅನ್ನುವುದು ನೆನಪಿರಲಿ.

ಗಡಿ ಗಟ್ಟಿಯಾದ ಮೇಲೆ ಒಂದು ಬೋರ್ಡು ಹಾಕಿಸಿ. ಬಡಾವಣೆಯ ಹೆಸರು, ಸರ್ವೆ ನಂಬರು, ವಿಸ್ತೀರ್ಣ, 'ನಗರಸಭೆಯ ಸ್ವತ್ತು, ಸಾರ್ವಜನಿಕ ಉದ್ಯಾನ'. ಗಣ್ಯರ ಫೋಟೋ ಇರುವ ಬೋರ್ಡಿಗಿಂತ ವಿಸ್ತೀರ್ಣ ಬರೆದ ಬೋರ್ಡು ಹೆಚ್ಚು ಕೆಲಸ ಮಾಡುತ್ತದೆ. ನಾಲ್ಕೂ ಮೂಲೆಯಿಂದ ಫೋಟೋ ತೆಗೆದಿಡಿ, ಪ್ರತಿ ವರ್ಷ ಅದೇ ಮೂಲೆಯಲ್ಲಿ ನಿಂತು ಮತ್ತೆ ತೆಗೆಯಿರಿ.

ಸಂಘ ಮಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ನೋಂದಾಯಿಸಬಹುದು. ಆದರೆ ನೋಂದಣಿಗಾಗಿ ಕಾಯುತ್ತಾ ಒಂದು ಮಳೆಗಾಲ ಕಳೆದುಕೊಳ್ಳಬೇಡಿ.

ನಗರಸಭೆಯ ಜೊತೆ ಕೆಲಸ

ಪೌರಾಯುಕ್ತರಿಗೆ ಅರ್ಜಿ ಕೊಡುವಾಗ ಒಂದು ಕೆಲಸಕ್ಕೆ ಒಂದು ಕಾಗದ. ದೀಪ, ಬೇಲಿ, ನೀರು, ಬೆಂಚು ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದು ಯಾವ ವಿಭಾಗದ ಮೇಜಿಗೆ ಹೋಗಬೇಕೆಂದೇ ತೀರ್ಮಾನವಾಗದು. ಪ್ರತಿ ಅರ್ಜಿಗೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ವಾರ್ಡ್ ಸದಸ್ಯರಿಗೆ ಒಂದು ಪ್ರತಿ ಕೊಡಿ. ಆಯವ್ಯಯಕ್ಕೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯುತ್ತದೆ, ಅದಕ್ಕೆ ತಪ್ಪದೆ ಹೋಗಿ. ಪಾರ್ಕಿನ ವಿಷಯ ಅಲ್ಲಿ ಎತ್ತುವವರು ಕಡಿಮೆ, ಹಾಗಾಗಿ ಎತ್ತಿದವರ ಮಾತಿಗೆ ತೂಕ ಬರುತ್ತದೆ.

ಕೆಲಸ ಮಂಜೂರಾದರೆ ಅಂದಾಜುಪಟ್ಟಿಯ ಪ್ರತಿ ಕೇಳಿ ಪಡೆದು ಸಾಲು ಸಾಲಾಗಿ ಓದಿ. 'ಇಂಟರ್‌ಲಾಕ್', 'ಕಾಂಕ್ರೀಟ್ ಬೆಡ್' ಎಂಬ ಮಾತು ಎಷ್ಟು ಸಲ ಬಂದಿದೆ ನೋಡಿ. ನಡೆಯುವ ದಾರಿ ನಾಲ್ಕೈದು ಅಡಿ ಅಗಲವಿದ್ದರೆ ಇಬ್ಬರು ಜೊತೆಯಾಗಿ ನಡೆಯಬಹುದು, ಅದಕ್ಕಿಂತ ಅಗಲ ನಮ್ಮ ಸಣ್ಣ ಪಾರ್ಕುಗಳಿಗೆ ಬೇಡ. ಮರದ ಬುಡಕ್ಕೆ ಒತ್ತಿಕೊಂಡು ಕಟ್ಟೆ ಕಟ್ಟಲು ಬಿಡಬೇಡಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದಿಂದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟು ತೆಗೆಯಿರಿ ಎಂದು ಆದೇಶಿಸಿತ್ತು. ಎಂಜಿನಿಯರಿಗೆ ಅದನ್ನು ವಿನಯದಿಂದ ನೆನಪಿಸಿ. ಬೇರಿಗೂ ಗಾಳಿ ಬೇಕು, ಉಸಿರು ಕಟ್ಟಿದ ಮರ ಒಣಗುವುದು ತಕ್ಷಣ ಕಾಣುವುದಿಲ್ಲ. ವರ್ಷಗಳ ಮೇಲೆ ತುದಿ ಒಣಗಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ದಾರಿಗೆ ನಾನು ಕೇಳುವುದು ಕ್ರಷರ್ ಪುಡಿ. ಮಣ್ಣು ಗಟ್ಟಿ ಮಾಡಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಪುಡಿ ಹಾಕಿ ನೀರು ಚಿಮುಕಿಸಿ ರೋಲರ್ ಓಡಿಸಿದರೆ ಸಾಕು. ನಡು ಸ್ವಲ್ಪ ಉಬ್ಬಿರಬೇಕು, ಎರಡೂ ಬದಿಗೆ ನೀರು ಇಳಿಯಲು. ನುಣುಪು ಟೈಲ್ಸಿನ ಮೇಲೆ ಜುಲೈ ಬರುವಷ್ಟರಲ್ಲಿ ಪಾಚಿ ಕಟ್ಟುತ್ತದೆ. ವಯಸ್ಸಾದವರು ಜಾರಿ ಸೊಂಟ ಮುರಿದುಕೊಳ್ಳಲು ಅಷ್ಟು ಸಾಕು. ಈಗಾಗಲೇ ಟೈಲ್ಸ್ ಇದ್ದರೆ ಮಳೆಗಾಲದುದ್ದಕ್ಕೂ ಗಟ್ಟಿ ಪೊರಕೆಯಲ್ಲಿ ಉಜ್ಜಿಸಬೇಕು.

ಮಳೆಯ ಲೆಕ್ಕದಲ್ಲಿ ವರ್ಷದ ಕೆಲಸ

ನಮ್ಮ ಪೇಟೆ ಇರುವ ಜಾಗ ವಿಶೇಷವಾದದ್ದು. ಪಶ್ಚಿಮಕ್ಕೆ ಮೂಡಿಗೆರೆ, ಕೊಪ್ಪದ ಕಡೆ ಹೋದರೆ ಜಡಿಮಳೆ, ಪೂರ್ವಕ್ಕೆ ಕಡೂರಿನ ಕಡೆ ಇಳಿದರೆ ಬಯಲುಸೀಮೆ. ನಾವು ನಡುವೆ. ಜೂನ್‌ನಿಂದ ಸೋನೆ ಹಿಡಿದರೆ ಬಿಡದು, ಫೆಬ್ರವರಿ ಹೊತ್ತಿಗೆ ನೆಲ ಬಿರುಕು ಬಿಡುತ್ತದೆ. ಎರಡನ್ನೂ ತಡೆಯುವ ಮರ ಬೇಕು, ಎರಡಕ್ಕೂ ಹೊಂದುವ ಕೆಲಸದ ಪಟ್ಟಿ ಬೇಕು.

ಕಾಫಿಗೆ ಹೂಮಳೆ ಬೀಳುವ ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಮೆತ್ತಗಾಗುತ್ತದೆ. ಗಿಡದ ಗುಂಡಿ ಆಗಲೇ ತೆಗೆಯಿರಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಬಡಾವಣೆಯ ನೆಲದಲ್ಲಿ ಗುದ್ದಲಿಗೆ ಮೊದಲು ಸಿಗುವುದು ಇಟ್ಟಿಗೆ ಚೂರು, ಗಾರೆ, ಪ್ಲಾಸ್ಟಿಕ್ ಚೀಲ. ಮನೆ ಕಟ್ಟುವವರೆಲ್ಲ ತಂದು ಸುರಿದದ್ದು. ಅದನ್ನು ತೆಗೆದು ಹೊರಗೆ ಹಾಕದೆ ನೆಟ್ಟ ಗಿಡ ಮೂರು ವರ್ಷವಾದರೂ ಮೊಣಕಾಲಿನೆತ್ತರ ದಾಟುವುದಿಲ್ಲ. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ಹಾಕಿ, ಗುಂಡಿಯನ್ನು ಬಿಸಿಲಿಗೆ ಬಿಡಿ. ಮೇ ಕೊನೆಗೆ ಮೇಲ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ಸ್ವಲ್ಪ ದಿಬ್ಬವಾಗಿರಲಿ, ಮಳೆಗೆ ಕುಸಿದು ಸಮ ಆಗುತ್ತದೆ.

ನೆಡುವುದು ಮೃಗಶಿರ ಕಳೆದು ಆರಿದ್ರಾ ಹಿಡಿದ ಮೇಲೆ, ಅಂದರೆ ಜೂನ್ ಕೊನೆಯ ವಾರ. ಜೂನ್ 5ರ ಪರಿಸರ ದಿನಕ್ಕೇ ನೆಟ್ಟು ಫೋಟೋ ತೆಗೆಸಿಕೊಂಡ ಗಿಡಗಳು ಮುಂಗಾರು ತಡವಾದ ವರ್ಷ ಬಾಡುತ್ತವೆ. ದಿನಾಚರಣೆಗೆ ಗುಂಡಿ ತೋರಿಸಿ, ಗಿಡವನ್ನು ಮಳೆಗೆ ಕೊಡಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಸಾರ್ವಜನಿಕರಿಗೆ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಮೇ ತಿಂಗಳಲ್ಲೇ ಹೋಗಿ ಯಾವ ಜಾತಿ ಇದೆ ನೋಡಿಕೊಂಡು ಬನ್ನಿ, ಜೂನ್‌ನಲ್ಲಿ ಒಳ್ಳೆಯವೆಲ್ಲ ಮುಗಿದಿರುತ್ತವೆ. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿರುವ ಸಸಿ ಎಷ್ಟೇ ಎತ್ತರವಿದ್ದರೂ ಬೇಡ. ದಪ್ಪ ಕಾಂಡದ, ಎರಡಡಿಯ ಸಸಿ ತನ್ನಿ.

ಯಾವ ಮರ? ಹೊಂಗೆ ಕಣ್ಣು ಮುಚ್ಚಿ ನೆಡಬಹುದು, ಬೇಸಿಗೆಯಲ್ಲೇ ಚಿಗುರಿ ನೆರಳು ಕೊಡುವ ಪುಣ್ಯಾತ್ಮ ಮರ. ಹೊಳೆದಾಸವಾಳ ಮೇ ತಿಂಗಳಲ್ಲಿ ನೇರಳೆ ಬಣ್ಣದ ಹೂ ಬಿಟ್ಟರೆ ಬಡಾವಣೆಗೇ ಕಳೆ. ಬಕುಳ ನಿಧಾನ, ಆದರೆ ಸಣ್ಣ ಪಾರ್ಕಿಗೆ ಹೇಳಿ ಮಾಡಿಸಿದ ಅಂಕೆಯ ಮರ, ಬೆಳಿಗ್ಗೆ ಹೂ ಆಯುವ ಹೆಂಗಸರು ಅದರ ಬುಡವನ್ನು ತಾವೇ ಚೊಕ್ಕಟವಾಗಿಡುತ್ತಾರೆ. ಸಂಪಿಗೆಗೆ ನೀರು ಬಸಿದುಹೋಗುವ ನೆಲ ಬೇಕು. ನೇರಳೆಯನ್ನು ದಾರಿಯಿಂದ ದೂರ ನೆಡಿ, ಹಣ್ಣು ಉದುರಿ ಕಲೆಯಾಗುತ್ತದೆ ಎಂದು ಯಾರೋ ಮುಂದೆ ಕಡಿಸಲು ಹೊರಡಬಾರದು. ಅತ್ತಿ, ಗೋಣಿ, ಅರಳಿ ಇದ್ದರೆ ಕುಟ್ರಹಕ್ಕಿ, ಪಿಕಳಾರ, ಮೈನಾ ಹುಡುಕಿಕೊಂಡು ಬರುತ್ತವೆ. ಆದರೆ ಅವುಗಳ ಬೇರು ಗೋಡೆಗೆ ಹೋಗುತ್ತದೆ. ಹತ್ತು ಗುಂಟೆಯ ನಟ್ಟನಡುವೆ ಒಂದು, ಅದಕ್ಕಿಂತ ಸಣ್ಣ ಜಾಗದಲ್ಲಿ ಬೇಡ. ಗುಲ್‌ಮೊಹರ್ ಚೆಂದ ಹೌದು, ಮಡಗಾಸ್ಕರ್‌ನಿಂದ ಬಂದ ಮೆದು ಮರ ಅದು. ಮಕ್ಕಳು ಆಡುವ ಕಡೆ ಬೇಡ, ಜೂನ್‌ನ ಗಾಳಿಗೆ ಕೊಂಬೆ ಮುರಿಯುತ್ತದೆ. ತೋಟದಿಂದ ಸುಲಭವಾಗಿ ಸಿಗುತ್ತದೆ ಎಂದು ಸಿಲ್ವರ್ ಓಕ್ ತಂದು ಸಾಲಾಗಿ ನೆಡುವುದನ್ನೂ ನೋಡಿದ್ದೇನೆ. ಅದು ಮೆಣಸಿನ ಬಳ್ಳಿ ಹಬ್ಬಿಸಲು, ಮೋಪಿಗೆ ಒಳ್ಳೆಯದು. ಕೆಳಗೆ ಕೂತವರಿಗೆ ನೆರಳು ಕೊಡುವ ಮರ ಅಲ್ಲ.

ತೋಟದವರಿಗೆ ಗೊತ್ತಿರುವ, ಪೇಟೆಯವರಿಗೆ ಗೊತ್ತಿಲ್ಲದ ಒಂದು ಉಪಾಯ ಹೇಳುತ್ತೇನೆ. ಬಕುಳ, ನೇರಳೆ ನೆರಳು ಕೊಡಲು ವರ್ಷಗಳು ಹಿಡಿಯುತ್ತವೆ. ಅಷ್ಟರವರೆಗೆ ಜನ ಬಿಸಿಲಲ್ಲಿ ಕೂರುವುದಿಲ್ಲ, ಜನ ಬಾರದ ಪಾರ್ಕಿಗೆ ಕಸ ಬರುತ್ತದೆ. ಕಾಫಿ ಗಿಡಕ್ಕೆ ಮಾಡುವ ಹಾಗೆ ತಾತ್ಕಾಲಿಕ ನೆರಳು ಕೊಡಿ. ಹಾಲುವಾಣದ ಆಳೆತ್ತರದ ಗೂಟಗಳನ್ನು ಮಳೆಗಾಲದ ಶುರುವಿನಲ್ಲಿ ನಿಲ್ಲಿಸಿದರೆ ಹಾಗೇ ಬೇರು ಬಿಟ್ಟು ಚಿಗುರುತ್ತವೆ. ಮುಳ್ಳು ಕಡಿಮೆ ಇರುವ ಜಾತಿಯದ್ದನ್ನು ಪರಿಚಯದ ತೋಟದವರಿಂದ ಕೇಳಿ ತನ್ನಿ, ಮರಗಸಿಯ ಕಾಲದಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಅದರ ಎಲೆ ಉದುರಿ ಮಣ್ಣಿಗೆ ಒಳ್ಳೆಯ ಗೊಬ್ಬರ. ಖಾಯಂ ಮರಗಳು ಮೇಲೆದ್ದಂತೆ ಹಾಲುವಾಣವನ್ನು ವರ್ಷ ವರ್ಷ ಸವರಿ ಕುಗ್ಗಿಸುತ್ತಾ ಬನ್ನಿ.

ವಿದ್ಯುತ್ ತಂತಿಯ ಕೆಳಗೆ ದೊಡ್ಡ ಮರದ ಆಸೆ ಬಿಡಿ. ದಾಸವಾಳ, ಪಾರಿಜಾತ, ಕರಿಬೇವು ಸಾಕು. ಕರಿಬೇವಿನ ಗಿಡ ಎಲ್ಲ ಮನೆಯವರನ್ನೂ ಪಾರ್ಕಿಗೆ ಎಳೆದು ತರುತ್ತದೆ.

ಮರಗಸಿ ಮತ್ತು ಕಡಿತ

ಮೇ ತಿಂಗಳಲ್ಲಿ ಮಳೆಗೆ ಮೊದಲು ಮರ ಸವರಬೇಕು. ಕೊಂಬೆ ದಪ್ಪವಿದ್ದರೆ ಮೊದಲು ಅಡಿಯಿಂದ ಒಂದು ಕಚ್ಚು, ಆಮೇಲೆ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ತುಂಡನ್ನು ಕಾಂಡದ ಉಂಗುರದ ಹತ್ತಿರ ನೀಟಾಗಿ ತೆಗೆಯಬೇಕು. ಹೀಗೆ ಮಾಡದೆ ಮೇಲಿನಿಂದಲೇ ಒಂದೇ ಏಟಿಗೆ ಕಡಿದರೆ ಕೊಂಬೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸೀಳಿಕೊಂಡು ಹೋಗುತ್ತದೆ, ಆ ಗಾಯದಲ್ಲಿ ಮಳೆನೀರು ನಿಂತು ಕೊಳೆ ಶುರುವಾಗುತ್ತದೆ. ನೆತ್ತಿ ಕತ್ತರಿಸಿ ಬೋಳು ಮಾಡುವುದು ಮಾತ್ರ ಬೇಡವೇ ಬೇಡ. ತೋಟದಲ್ಲಿ ಮರಗಸಿ ಮಾಡುವ ಅನುಭವದ ಆಳು ಸಿಕ್ಕರೆ ಎರಡು ದಿನದ ಕೂಲಿ ಕೊಟ್ಟು ಕರೆಸಿ. ಹಗ್ಗ ಕಟ್ಟಿ ಕೊಂಬೆ ಇಳಿಸುವ ಅವರ ಕೈಚಳಕ ಪೇಟೆಯಲ್ಲಿ ಬೇರೆಯವರಿಗಿಲ್ಲ. ಹತ್ತುವ ಮೊದಲು ಗೂಡು ಇದೆಯೇ ನೋಡಿ, ಆ ಕಾಲ ಹಕ್ಕಿಗಳು ಮರಿ ಮಾಡುವ ಕಾಲವೂ ಹೌದು. ತಂತಿಗೆ ತಾಗುವ ಕೊಂಬೆ ಕಡಿಯಲು ಲೈನಿನವರು ಬರುವ ದಿನ ಯಾರಾದರೊಬ್ಬರು ಅಲ್ಲಿ ನಿಂತಿರಿ. ಯಾವ ಕೊಂಬೆ ಸಾಕು ಎಂದು ತೋರಿಸುವವರಿದ್ದರೆ ಅವರೂ ಅಷ್ಟೇ ಕಡಿಯುತ್ತಾರೆ.

ಬುಡಸಮೇತ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನೆನಪಿಡಿ. ವೃಕ್ಷಾಧಿಕಾರಿಯ ಅನುಮತಿ ಬೇಕು. "ಅನುಮತಿ ಪತ್ರ ತೋರಿಸಿ ಸಾರ್" ಎಂದು ಕೇಳುವುದು ಯಾರನ್ನೂ ಅವಮಾನಿಸಿದಂತಲ್ಲ.

ತರಗೆಲೆ, ಕಳೆ

ಪಾರ್ಕಿನಲ್ಲಿ ನನಗೆ ಅತ್ಯಂತ ಸಂಕಟವಾಗುವುದು ಜನವರಿ, ಫೆಬ್ರವರಿಯಲ್ಲಿ ತರಗೆಲೆ ಗುಡಿಸಿ ಬೆಂಕಿ ಇಡುವುದನ್ನು ನೋಡಿದಾಗ. ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಕಸ ಸುಡುವುದನ್ನು ನಿಷೇಧಿಸಲಾಗಿದೆ, ತೋಟದ ಎಲೆಕಸವನ್ನು ಬೇರೆಯಾಗಿಯೇ ಇಡಬೇಕು ಎಂದಿದೆ. ಕಾನೂನು ಹಾಗಿರಲಿ, ಮರ ತನ್ನ ಬುಡಕ್ಕೆಂದು ಉದುರಿಸಿದ್ದನ್ನು ಹೊಗೆ ಮಾಡಿ ಆಮೇಲೆ ಅಂಗಡಿಯಿಂದ ಗೊಬ್ಬರದ ಚೀಲ ತರುವುದು ಯಾವ ನ್ಯಾಯ? ಆ ಹೊಗೆಗೆ ಎದುರು ಮನೆಯ ಹಸುಗೂಸು ಕೆಮ್ಮುತ್ತದೆ.

ಕಾಫಿ ತೋಟದ ತೊಟ್ಟಿಲು ಗುಂಡಿಯನ್ನು ಇಲ್ಲೂ ತೆಗೆಯಿರಿ. ಇಳಿಜಾರಿಗೆ ಅಡ್ಡಲಾಗಿ, ಒಂದಡಿ ಅಗಲ, ಒಂದೂವರೆ ಅಡಿ ಆಳ, ಉದ್ದ ಜಾಗಕ್ಕೆ ತಕ್ಕಂತೆ. ಮರದ ಬುಡಕ್ಕೆ ತೀರ ಹತ್ತಿರ ಬೇಡ, ಬೇರು ಕಡಿಯುತ್ತದೆ. ಬೇಸಿಗೆಯಲ್ಲಿ ತರಗೆಲೆಯನ್ನೆಲ್ಲ ಅದಕ್ಕೆ ತುಂಬಿ ತುಳಿಯಿರಿ. ಮಳೆಗಾಲದಲ್ಲಿ ಹರಿದು ಬರುವ ನೀರು ಅಲ್ಲಿ ನಿಂತು ಇಂಗುತ್ತದೆ, ಎಲೆ ಕೊಳೆತು ಮುಂದಿನ ವರ್ಷಕ್ಕೆ ಕಪ್ಪು ಗೊಬ್ಬರ ಸಿಗುತ್ತದೆ. ಗುಂಡಿ ಅಂದ ಕೂಡಲೇ ಸೊಳ್ಳೆಯ ಭಯ ಎತ್ತುತ್ತಾರೆ, ಎತ್ತಬೇಕಾದ ಮಾತೇ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಅಷ್ಟು ದಿನ ನೀರು ಬಯಲಾಗಿ ನಿಲ್ಲುವ ಗುಂಡಿಯಿದ್ದರೆ ಅದು ತಪ್ಪು ಜಾಗ, ಮುಚ್ಚಿ ಬೇರೆ ಕಡೆ ತೆಗೆಯಿರಿ. ಮಕ್ಕಳು ಓಡುವ ಕಡೆಯೂ ಬೇಡ.

ಕಾಂಗ್ರೆಸ್ ಗಿಡವನ್ನು ಬಿಳಿ ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಬೇಕು. ಬರಿಗೈಯಲ್ಲಿ ಮುಟ್ಟಿದರೆ ಚರ್ಮಕ್ಕೆ ತುರಿ ಹತ್ತುತ್ತದೆ, ಅದರ ಪರಾಗಕ್ಕೆ ಕೆಲವರಿಗೆ ಸೀನು, ಉಬ್ಬಸ. ಮಳೆಗಾಲದಲ್ಲಿ ಅದರ ಎಲೆಯನ್ನು ಜಾಲರಿಯಂತೆ ತಿಂದುಹಾಕುವ, ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಸಣ್ಣ ಜೀರುಂಡೆ ಕಂಡರೆ ಔಷಧಿ ಹೊಡೆಯಬೇಡಿ. ಈ ಕಳೆಯನ್ನು ಹತೋಟಿಗೆ ತರಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು, ನಮ್ಮ ಪರವಾಗಿ ಕೆಲಸ ಮಾಡುತ್ತಿದೆ.

ಜನ ಬರುವ ಹಾಗೆ

ಪಾರ್ಕಿಗೆ ಹಗಲಲ್ಲಿ ಬೀಗ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೀಗದ ಕೈ ಯಾರ ಬಳಿ ಇದೆಯೋ ಅವರ ಅಂಗಳ ಆಗಿಬಿಡುತ್ತದೆ. ಮಧ್ಯಾಹ್ನ ನೆರಳಿಗೆ ಬಂದು ಬುತ್ತಿ ಬಿಚ್ಚುವ ಕಟ್ಟಡ ಕೆಲಸದವರು, ಡೆಲಿವರಿ ಹುಡುಗರು, ಪೌರಕಾರ್ಮಿಕರು ಇವರಿಗೆಲ್ಲ ಆ ಹೊತ್ತಿನಲ್ಲಿ ಬೇರೆ ಜಾಗ ಇಲ್ಲ. ಅವರನ್ನು ಎಬ್ಬಿಸುವ ಕಾವಲು ನಮಗೆ ಬೇಡ. ರಾತ್ರಿ ಒಂಬತ್ತರ ಮೇಲೆ ಮುಚ್ಚಿ, ಬೆಳಿಗ್ಗೆ ಐದಕ್ಕೆ ತೆಗೆಯಿರಿ.

ಕುಡಿಯುವವರ ಕಾಟಕ್ಕೆ ಗೋಡೆ ಎತ್ತರಿಸುವುದು ಮದ್ದಲ್ಲ, ಎತ್ತರದ ಗೋಡೆ ಅವರಿಗೇ ಅನುಕೂಲ. ರಸ್ತೆಯಿಂದ ಒಳಗೆಲ್ಲ ಕಾಣುವಂತೆ ಜಾಲರಿ ಬೇಲಿ, ಸೊಂಟದೆತ್ತರಕ್ಕೆ ಸವರಿದ ಪೊದೆ, ದಾರಿಯ ಮೇಲೆ ಮಾತ್ರ ಬೀಳುವ ದೀಪ ಇರಲಿ. ಹೆಂಗಸರು ಸಂಜೆ ಏಳರ ನಂತರವೂ ಬಂದು ಕೂರುತ್ತಾರೋ ಇಲ್ಲವೋ ಅನ್ನುವುದೇ ಪಾರ್ಕು ಸರಿಯಿದೆಯೋ ಇಲ್ಲವೋ ಅನ್ನುವುದಕ್ಕೆ ನನ್ನ ಅಳತೆ. ಅವರನ್ನೇ ಕೇಳಿ ದೀಪದ ಕಂಬ ಎಲ್ಲಿ ಬೇಕೆಂದು ಗುರುತು ಮಾಡಿಸಿ, ಬೆಂಚು ಎಲ್ಲಿ ಬೇಕೆಂದೂ ಅವರೇ ಹೇಳಲಿ. ನಮ್ಮಲ್ಲಿ ಬೆಂಚುಗಳನ್ನು ಗೋಡೆಗೆ ಬೆನ್ನು ಮಾಡಿ ಒಂದೊಂದಾಗಿ ಹಾಕಿದ್ದರು. ಎರಡನ್ನು ಎದುರುಬದುರು ತಿರುಗಿಸಿ ಇಟ್ಟ ಮೇಲೆ ಮಾತುಕತೆ ಶುರುವಾಯಿತು.

ಕ್ರಿಕೆಟ್ ಹುಡುಗರಿಗೂ ಬೆಳಗಿನ ನಡಿಗೆಯವರಿಗೂ ಜಗಳ ಎಲ್ಲ ಕಡೆ ಇದ್ದದ್ದೇ. 'ಆಟ ನಿಷೇಧ' ಎಂದು ಬೋರ್ಡು ಹಾಕಿದರೆ ಮಕ್ಕಳು ರಸ್ತೆಯಲ್ಲಿ ಆಡುತ್ತಾರೆ, ಗಾಡಿ ಓಡಾಡುವ ರಸ್ತೆಯಲ್ಲಿ. ದೊಡ್ಡ ಹುಡುಗರಿಗೆ ಜಿಲ್ಲಾ ಆಟದ ಮೈದಾನ ಇದೆ, ಎಂಟು ವರ್ಷದವನಿಗೆ ಇಲ್ಲ. ನಾಲ್ಕೂವರೆಯಿಂದ ಆರರವರೆಗೆ ನಡು ಜಾಗ ಮಕ್ಕಳದ್ದು, ಚೆಂಡು ರಬ್ಬರಿನದ್ದು, ಸಣ್ಣವರು ಮೊದಲು. ಈ ಮಾತನ್ನು ಹುಡುಗರನ್ನೇ ಕೂರಿಸಿಕೊಂಡು ತೀರ್ಮಾನಿಸಿ. ಅವರು ಆಡಿದ ಮಾತನ್ನು ದೊಡ್ಡವರಿಗಿಂತ ಚೆನ್ನಾಗಿ ಉಳಿಸಿಕೊಳ್ಳುತ್ತಾರೆ. ಜೋಕಾಲಿ, ಜಾರುಬಂಡೆಯ ಕೆಳಗೆ ಸಿಮೆಂಟು ಇರಬಾರದು, ಮರಳು ಇರಬೇಕು. ಜಿಮ್ ಯಂತ್ರಗಳ ಬೋಲ್ಟಿಗೆ ಮಳೆಗಾಲ ಮುಗಿದ ಕೂಡಲೇ ಗ್ರೀಸ್ ಹಾಕಿಸಿ.

ಕೊನೆಯದು ಬೇಸಿಗೆಯ ನೀರು. ಹೊಸ ಗಿಡಗಳು ಮೊದಲ ಎರಡು ಬೇಸಿಗೆ ದಾಟಬೇಕು. ಜನವರಿಯಲ್ಲೇ ಒಂದು ಪುಸ್ತಕ ಮಾಡಿ, ಚೆಕ್‌ರೋಲಿನ ಹಾಗೆ ಗೆರೆ ಎಳೆದು, ಎಡಗಡೆ ಗಿಡದ ನಂಬರು, ಮೇಲೆ ವಾರ, ಯಾವ ಮನೆಯವರದು ಯಾವ ಗಿಡ ಎಂದು ಬರೆಯಿರಿ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆರಡು ಸಲ ಎರಡು ಬಿಂದಿಗೆ ಮೇಲು, ನೀರು ಆಳಕ್ಕಿಳಿದರೆ ಬೇರೂ ಆಳಕ್ಕೆ ಹೋಗುತ್ತದೆ. ಬುಡಕ್ಕೆ ಒಂದು ಗೇಣು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಆಗುತ್ತದೆ, ಸೋಪಿನ ನೀರು ಬೇಡ. ಊರಿಗೆ ಹೋಗುವ ಮನೆಯವರು ಪುಸ್ತಕದಲ್ಲಿ ಬದಲಿಯವರ ಹೆಸರು ಬರೆದು ಹೋಗಬೇಕು. ಪುಸ್ತಕ ಒಬ್ಬರ ಮನೆಯಲ್ಲೇ ಇರಬಾರದು. ಹಾಲಿನ ಬೂತಿನಲ್ಲಿಟ್ಟರೆ ಬೆಳಿಗ್ಗೆ ಎಲ್ಲರ ಕೈಗೂ ಸಿಗುತ್ತದೆ.